ಹಳೆ ಅಂಬಾಸಡರ್‌ಗೆ ಕಾರ್ಖಾನೆಯ ಬಣ್ಣ ಮರಳಿ ತರುವುದು ಹೇಗೆ?

ಹಳೆ ಅಂಬಾಸಡರ್, ಪದ್ಮಿನಿ ಕಾರುಗಳಿಗೆ ಈಗ ಬಣ್ಣದ ಮೇಲೊಂದು ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಹೊಡೆದು ಕನ್ನಡಿಯಂತೆ ಹೊಳೆಸುತ್ತಾರೆ. ಚೆಂದವೇನೋ ಹೌದು, ಆದರೆ ಆ ಕಾಲದ ಸಾದಾ ಬಣ್ಣಗಳಿಗೆ ಕ್ಲಿಯರ್ ಇರಲಿಲ್ಲ. ಅನುಮಾನವಿದ್ದರೆ ಮೂಲ ಬಣ್ಣ ಉಳಿದಿರುವ ಮರೆಯ ಜಾಗದಲ್ಲಿ ಬಿಳಿ ಬಟ್ಟೆಗೆ ರಬ್ಬಿಂಗ್ ಕಂಪೌಂಡ್ ಹಚ್ಚಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಅದು ಸಿಂಗಲ್ ಸ್ಟೇಜ್, ಅಂದರೆ ಮೇಲೆ ಕ್ಲಿಯರ್ ಇಲ್ಲದ ಬಣ್ಣ.

ಮೊದಲ ಕೆಲಸ ಮೂಲ ಬಣ್ಣ ಹುಡುಕುವುದು. ಡಿಕ್ಕಿ ರಬ್ಬರಿನ ಅಡಿ, ಬಾಗಿಲ ಪ್ಯಾಡ್‌ನ ಹಿಂದೆ, ಡ್ಯಾಶ್‌ಬೋರ್ಡ್ ಕೆಳಗೆ ಬಿಸಿಲು ಬಿದ್ದಿರುವುದಿಲ್ಲ. ಅಲ್ಲಿ 800, ನಂತರ 1500 ನಂಬರಿನ (ನಂಬರ್ ಹೆಚ್ಚಿದಷ್ಟೂ ನಯ) ವಾಟರ್ ಪೇಪರನ್ನು ನೀರಲ್ಲಿ ನೆನೆಸಿ ರೂಪಾಯಿ ನಾಣ್ಯದಷ್ಟಗಲ ಓರೆಯಾಗಿ ಉಜ್ಜಿದರೆ ಪದರಗಳು ಉಂಗುರ ಉಂಗುರವಾಗಿ ಬಿಚ್ಚಿಕೊಳ್ಳುತ್ತವೆ. ಪ್ರೈಮರ್‌ಗೆ (ತಗಡಿನ ಮೇಲಿನ ಅಡಿಕೋಟ್) ಅಂಟಿದ ಮೊದಲ ಉಂಗುರವೇ ಮೂಲ ಬಣ್ಣ. ಅದನ್ನು ಕಂಪೌಂಡ್‌ನಿಂದ ಹೊಳಪಿಸಿದ ಮೇಲೆಯೇ ಬಣ್ಣ ಅಳೆಯುವ ಯಂತ್ರದಲ್ಲಿ ಮ್ಯಾಚ್ ಮಾಡಿಸಿ. ಮಂಕಾದ ಬಣ್ಣವನ್ನು ಅಳೆದರೆ ಯಂತ್ರವೂ ಮಂಕು ಬಣ್ಣವನ್ನೇ ಕೊಡುತ್ತದೆ. ಪರೀಕ್ಷೆಯ ತಗಡಿಗೆ ಹೊಡೆದು, ಪೂರ್ತಿ ಒಣಗಿದ ಮೇಲೆ ಬಿಸಿಲಿನಲ್ಲೂ ಟ್ಯೂಬ್‌ಲೈಟಿನಲ್ಲೂ ಹೋಲಿಸಿ. ಒಂದು ಬೆಳಕಿನಲ್ಲಿ ಸರಿಹೊಂದಿದ್ದು ಇನ್ನೊಂದರಲ್ಲಿ ಕೈಕೊಡುವುದುಂಟು.

ಹಳೆ ಸಿಂಥೆಟಿಕ್ ಎನಾಮೆಲ್ ಮೇಲೆಯೇ ಹೊಸ ಬಣ್ಣ ಹೊಡೆಯಬೇಡಿ. ಕಟುವಾದ ಥಿನ್ನರ್ ಕೆಳಪದರಕ್ಕಿಳಿದು ಚರ್ಮ ಸುಕ್ಕಾದಂತೆ ಎಬ್ಬಿಸುತ್ತದೆ. ತಗಡಿನವರೆಗೆ ಕೆರೆದು, ತುಕ್ಕು ತೆಗೆದು, ಎರಡು ಕೋಟ್ ಎಪಾಕ್ಸಿ ಪ್ರೈಮರ್ ಕೊಡಿ. ತಗ್ಗು ತುಂಬುವ ಪುಟ್ಟಿಯ ದಪ್ಪ 2–3 ಮಿ.ಮೀ. ಮೀರದಿರಲಿ, ಅದಕ್ಕಿಂತ ಆಳದ ಡೆಂಟ್ ಟಿಂಕರ್ ಕೈಯಲ್ಲೇ ನೇರವಾಗಬೇಕು. ಮೇಲೆ ಸರ್ಫೇಸರ್ (ಮೇಲ್ಮೈ ಸಮ ಮಾಡುವ ಕೋಟ್), ಆಮೇಲೆ 320ರ ಪೇಪರಿನಿಂದ ಶುರುಮಾಡಿ 600–800ರವರೆಗೆ ಉಜ್ಜುವುದು. 320ರ ಗೀರು ಉಳಿದರೆ ಬಣ್ಣ ಕುಗ್ಗಿದಾಗ ಎದ್ದು ಕಾಣುತ್ತದೆ.

ಈಗ ಕ್ಲಿಯರ್ ಬೇಡದ ಪಿಯು (ಪಾಲಿಯುರೆಥೇನ್) ಬಣ್ಣ ತನ್ನಿ. ಬಣ್ಣ ಗಟ್ಟಿಯಾಗಿಸುವ ಹಾರ್ಡ್‌ನರ್, ತೆಳುವಾಗಿಸುವ ಥಿನ್ನರ್ ಅಳತೆ ಡಬ್ಬಿಯ ಮೇಲಿನಂತೆಯೇ, ಅಂದಾಜು ಬೇಡ. ಗನ್ ನಾಝಲ್ 1.3–1.4 ಮಿ.ಮೀ., ತಗಡಿನಿಂದ ದೂರ 15–20 ಸೆಂ.ಮೀ., ಪ್ರತಿ ಪಟ್ಟೆ ಹಿಂದಿನದರ ಅರ್ಧ ಮುಚ್ಚಬೇಕು. ಎರಡು-ಮೂರು ತೆಳು ಕೋಟ್, ನಡುವೆ 10–15 ನಿಮಿಷ ಬಿಡುವು. ಆತುರಪಟ್ಟರೆ ಒಳಗೆ ಸಿಕ್ಕಿದ ಥಿನ್ನರ್ ಸೂಜಿಮೊನೆಯ ಗುಳ್ಳೆ ಎಬ್ಬಿಸುತ್ತದೆ. ಗುಂಡಗೆ ಮೀನಿನ ಕಣ್ಣಿನಂಥ ಕುಳಿ ಬಿದ್ದರೆ ಪಾಲಿಶ್‌ನ ಸಿಲಿಕೋನ್ ಅಥವಾ ಎಣ್ಣೆಜಿಡ್ಡು ಉಳಿದಿದೆ ಎಂದರ್ಥ. ಒಣಗಿಸಿ, ಉಜ್ಜಿ, ವ್ಯಾಕ್ಸ್ ರಿಮೂವರ್‌ನಿಂದ ಒರೆಸಿ ಮತ್ತೆ ಹೊಡೆಯಬೇಕು. ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯ. ಕರ್ಚೀಫು, ಧೂಳಿನ ಮಾಸ್ಕ್ ಸಾಲದು, ಹೊರಗಿನ ಗಾಳಿ ಕೊಡುವ ಮಾಸ್ಕ್ ಬೇಕು.

ಡಿಕ್ಕಿ ಒಳಭಾಗಕ್ಕೆ, ಬಾಗಿಲ ಅಂಚಿಗೆ ಬಾನೆಟ್ಟಿನಷ್ಟು ದಪ್ಪ ಕೊಡಬೇಡಿ. ಒಣಗಿದ ಬಣ್ಣದಲ್ಲಿ ಕಿತ್ತಳೆ ಸಿಪ್ಪೆಯಂಥ ಸಣ್ಣ ಒರಟುತನವಿದ್ದರೆ ಅದನ್ನು ಉಜ್ಜಿ ಸಪಾಟು ಮಾಡಬೇಡಿ, ಕಾರ್ಖಾನೆಯದ್ದೂ ಹಾಗೇ ಇರುತ್ತಿತ್ತು. ಬಣ್ಣ ಸೋರಿದ ಕಡೆ, ಧೂಳು ಕೂತ ಕಡೆ ಮಾತ್ರ 1500, 2000ರ ಪೇಪರ್ ಹಿಡಿದು, ಬಳಿಕ ಕಂಪೌಂಡ್ ಮಾಡಿ.