ಮರಗೆಣಸಿನ ನಂಜು ತೆಗೆಯೋದು ಹೇಗೆ?

ಮರಗೆಣಸು ಬೇಯಿಸುವಾಗ ನಮ್ಮಜ್ಜಿ ಪಾತ್ರೆಗೆ ತಟ್ಟೆ ಮುಚ್ಚುತ್ತಿರಲಿಲ್ಲ. ಬೆಂದ ಮೇಲೆ ನೀರು ಬಸಿದು ಚೆಲ್ಲಿಬಿಡುತ್ತಿದ್ದರು, ದನದ ಕಲಗಚ್ಚಿಗೂ ಹಾಕಲು ಬಿಡುತ್ತಿರಲಿಲ್ಲ. ಕೇಳಿದರೆ 'ನಂಜು' ಅನ್ನುತ್ತಿದ್ದರು, ಅಷ್ಟೇ. ಆ ನಂಜು ಸಯನೈಡ್.

ಗೆಡ್ಡೆಯಲ್ಲಿ ಅದು ಬಿಡಿಯಾಗಿ ಇರೋದಿಲ್ಲ. ಲಿನಮರಿನ್ ಅನ್ನೋ ವಸ್ತುವಿನೊಳಗೆ ಅಡಗಿರುತ್ತದೆ. ಗೆಡ್ಡೆಯನ್ನು ಹೆಚ್ಚಿದಾಗ, ಜಜ್ಜಿದಾಗ ಅದೇ ಗೆಡ್ಡೆಯಲ್ಲಿರುವ ಒಂದು ಕಿಣ್ವ ಲಿನಮರಿನ್ ಜೊತೆ ಸೇರಿ ಸಯನೈಡ್ ಹೊರಬರುತ್ತದೆ. ಅದು ಮೈಗೆ ಸೇರಿದರೆ ಜೀವಕೋಶಗಳಿಗೆ ಆಮ್ಲಜನಕವನ್ನು ಬಳಸೋಕೇ ಆಗಲ್ಲ. ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಕೋಶಕ್ಕೆ ಉಸಿರು ಕಟ್ಟುತ್ತದೆ. ಮೊದಲ ಪೆಟ್ಟು ಮಿದುಳಿಗೆ, ಯಾಕೆಂದರೆ ತೂಕದಲ್ಲಿ ಮೈಯ ಶೇ 2ರಷ್ಟಿರುವ ಮಿದುಳಿಗೇ ಆಮ್ಲಜನಕದ ಶೇ 20ರಷ್ಟು ಬೇಕು.

ಸ್ವಲ್ಪ ಸ್ವಲ್ಪವೇ ದಿನಾ ಹೊಟ್ಟೆಗೆ ಹೋದರೂ ಅಪಾಯವೇ. ಕಾಂಗೋದಲ್ಲಿ ಕೊಂಜೊ ಅನ್ನೋ ಕಾಯಿಲೆ ಇದೆ. ನಿನ್ನೆ ಓಡಾಡುತ್ತಿದ್ದ ಮಗುವಿನ ಎರಡೂ ಕಾಲು ಇವತ್ತು ಸೆಟೆದುಕೊಳ್ಳುತ್ತವೆ, ಮತ್ತೆ ಸರಿಹೋಗೋದಿಲ್ಲ. 1981ರಲ್ಲಿ ಮೊಜಾಂಬಿಕ್‌ನಲ್ಲಿ ಬರಗಾಲ ಬಂದು, ನಂಜು ಜಾಸ್ತಿ ಇರುವ ಕಹಿ ಮರಗೆಣಸು ಬಿಟ್ಟರೆ ಬೇರೇನೂ ಇಲ್ಲದೆ, ಅದನ್ನೂ ಸರಿಯಾಗಿ ನೆನೆಸಿ ಒಣಗಿಸುವಷ್ಟು ಪುರುಸೊತ್ತು ಸಿಗದೆ, ಸಾವಿರಕ್ಕೂ ಹೆಚ್ಚು ಜನ ಹೀಗಾದರು. ಕಾಲು ಚೆನ್ನಾಗಿಯೇ ಇದ್ದ ಮಕ್ಕಳ ಕಲಿಯೋ ಶಕ್ತಿಯೂ ಕುಂದಿದ್ದು ಕಾಂಗೋದಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೊತ್ತಾಯಿತು. ನನಗೆ ತುಂಬಾ ಸಂಕಟವಾಗೋದು ಇದನ್ನು ನೆನೆದಾಗ. ಕಾಲಿನ ತೊಂದರೆ ಕಣ್ಣಿಗೆ ಕಾಣುತ್ತದೆ, ಇದು ಯಾರ ಕಣ್ಣಿಗೂ ಬೀಳಲ್ಲ ಅಲ್ವಾ.

ಈಗ ನಮ್ಮ ಅಡುಗೆಮನೆಗೆ ಬರೋಣ. ನಮ್ಮಲ್ಲಿ ಬೇಯಿಸಿ ತಿನ್ನೋದು ಹೆಚ್ಚಾಗಿ ನಂಜು ಕಡಿಮೆ ಇರುವ ಸಿಹಿ ತಳಿ. ಆದರೂ ಹಸಿ ಗೆಡ್ಡೆ ತಿನ್ನಲೇಬೇಡಿ, ಮಕ್ಕಳಿಗಂತೂ ಕೊಡಬೇಡಿ.

ಮೊದಲು ಹೊರಗಿನ ಕಂದು ಸಿಪ್ಪೆಯ ಜೊತೆ ಒಳಗಿನ ದಪ್ಪ ಸಿಪ್ಪೆಯನ್ನೂ ಪೂರ್ತಿ ತೆಗೆಯಿರಿ. ನಂಜು ಜಾಸ್ತಿ ಇರೋದು ಅಲ್ಲೇ. ಆಮೇಲೆ ಸಣ್ಣ ತುಂಡು ಮಾಡಿ, ಧಾರಾಳ ನೀರು ಹಾಕಿ, ಮುಚ್ಚಳ ತೆಗೆದಿಟ್ಟು ಬೇಯಿಸಿ. ಲಿನಮರಿನ್ ನೀರಿಗೆ ಇಳಿಯುತ್ತದೆ, ಸಯನೈಡ್ ಆವಿಯಾಗಿ ಹೋಗುತ್ತದೆ. ನೀರನ್ನು ಚೆಲ್ಲಿ, ಸಾರಿಗೆ ಬಳಸಬೇಡಿ. ಬಾಯಿಗಿಟ್ಟಾಗ ಕಹಿ ಅನ್ನಿಸಿದರೆ ಸುಮ್ನೆ ಎಸೆದುಬಿಡಿ. ಕಹಿ ತಳಿಗೆ ಬೇಯಿಸೋದೊಂದೇ ಸಾಲದು.

ಮರಗೆಣಸಿನ ಹಿಟ್ಟಿನಿಂದ ನಂಜು ತೆಗೆಯೋ ದಾರಿ ಬೇರೆ. ಇದು ಆಸ್ಟ್ರೇಲಿಯಾದ ವಿಜ್ಞಾನಿ ಹೊವಾರ್ಡ್ ಬ್ರಾಡ್ಬರಿ ತೋರಿಸಿಕೊಟ್ಟಿದ್ದು, ಕಾಂಗೋದ ಹೆಂಗಸರು ಮಾಡುತ್ತಾರೆ. ಹಿಟ್ಟನ್ನು ಬೋಗುಣಿಗೆ ಹಾಕಿ ಸಮ ಮಾಡಿ, ಒಳಗೋಡೆಗೆ ಒಂದು ಗುರುತು ಹಾಕಬೇಕು. ನೀರು ಹಾಕುತ್ತಾ ಕಲಸಿದರೆ ಹಿಟ್ಟು ಮೊದಲು ಕುಗ್ಗುತ್ತದೆ. ಮತ್ತೆ ಏರಿ ಗುರುತು ಮುಟ್ಟಿದಾಗ ನೀರು ಸಾಕು. ಚಾಪೆಯ ಮೇಲೆ ಒಂದು ಸೆಂಟಿಮೀಟರ್ ಮೀರದಂತೆ ತೆಳುವಾಗಿ ಹರಡಿ, ಬಿಸಿಲಲ್ಲಿ 2 ಗಂಟೆ, ನೆರಳಾದರೆ 5 ಗಂಟೆ ಬಿಡಬೇಕು. ಅವತ್ತೇ ಬೇಯಿಸಿ ತಿನ್ನಬೇಕು.

ಇನ್ನೊಂದು ವಿಷಯ. ಒಳಗೆ ಸೇರಿದ ಅಲ್ಪಸ್ವಲ್ಪ ಸಯನೈಡನ್ನು ಮೈ ತಾನೇ ಪರಿವರ್ತಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಅದಕ್ಕೆ ಗಂಧಕ ಬೇಕು, ಗಂಧಕ ಸಿಗೋದು ಪ್ರೋಟೀನಿನಿಂದ. ಹಾಗಾಗಿ ಮರಗೆಣಸಿನ ಜೊತೆ ಮೀನು, ಮೊಟ್ಟೆ, ಕಾಳು ಏನಾದರೂ ಇರಲಿ.

ತಿಂದ ಮೇಲೆ ತಲೆನೋವು, ತಲೆಸುತ್ತು, ವಾಂತಿ, ಏದುಸಿರು ಕಾಣಿಸಿದರೆ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಫಿಟ್ಸ್ ಬರೋದು, ಪ್ರಜ್ಞೆ ತಪ್ಪೋದು ಇದರ ಮುಂದಿನ ಹಂತ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಮರಗೆಣಸು ತಿಂದಿದ್ದಾರೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ತಟ್ಟೆಯಲ್ಲಿ ತುಂಡು ಉಳಿದಿದ್ದರೆ ಜೊತೆಗೆ ಒಯ್ಯಿರಿ.