ಸುಂಡೆಕಾಯಿ ಬಾಳಕ ಕಹಿಯಾಗುವುದು ಯಾಕೆ?

ಸುಂಡೆ ಗಿಡವನ್ನು ಕಳೆ ಅಂತ ಬುಡಸಮೇತ ಕಡಿದು ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ತೀರ್ಥಹಳ್ಳಿ ಕಡೆ ಬೇಲಿ ಸಾಲಲ್ಲಿ, ಕೊಟ್ಟಿಗೆ ಹಿಂದೆ ತಾನಾಗಿ ಹುಟ್ಟುತ್ತದೆ. ಆಳೆತ್ತರದ ಮುಳ್ಳುಗಿಡ, ಬಿಳಿ ಹೂವು, ಬಟಾಣಿಯಷ್ಟು ದಪ್ಪದ ಹಸಿರು ಕಾಯಿಗಳ ಗೊಂಚಲು. ಬದನೆ ಜಾತಿಯದೇ. ಸೊರಗು ರೋಗ ತಡೆಯಲಿ ಅಂತ ಇದರ ಬುಡಕ್ಕೆ ಬದನೆ ಕಸಿ ಕಟ್ಟುತ್ತಾರೆ, ಅಷ್ಟು ಗಟ್ಟಿ ಗಿಡ.

ಗಿಡ ಉಳಿಸಿಕೊಂಡವರು ಬಾಳಕ (ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಲ್ಲಿ ಒಣಗಿಸಿದ ಕಾಯಿ) ಮಾಡುವಾಗ ಕೆಡಿಸುತ್ತಾರೆ. ಚಾಕುವಿನಲ್ಲಿ ಹೆಚ್ಚಿ ಸೀದಾ ಮಜ್ಜಿಗೆಗೆ ಸುರಿಯುವುದು, ಆಮೇಲೆ "ಕಹಿ ಹೋಗಲೇ ಇಲ್ಲ ಅತ್ತೆ" ಅನ್ನುವುದು. ಬೀಜ ಒಳಗೇ ಇದ್ದರೆ ಕಹಿ ಎಲ್ಲಿಗೆ ಹೋಗಬೇಕು?

ಎಳೆಯ ಹಸಿರು ಕಾಯಿಯನ್ನೇ ಕೀಳಿ. ಹಳದಿಗೆ ತಿರುಗಿದ್ದು ಬೇಡ. ತೊಟ್ಟು ಬಿಡಿಸಿ, ಪಕ್ಕದಲ್ಲಿ ಉಪ್ಪು ನೀರಿನ ಪಾತ್ರೆ ಇಟ್ಟುಕೊಂಡೇ ಕೂರಬೇಕು. ಒಂದೊಂದೇ ಕಾಯಿಯನ್ನು ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಮೆಲ್ಲಗೆ ಒತ್ತಿ. ಟಪ್ ಅಂದ ಕೂಡಲೇ ನಿಲ್ಲಿಸಿ. ಬಾಯಿ ಬಿಡಬೇಕು, ಚಪ್ಪಟೆ ಆಗಬಾರದು. ಇನ್ನೊಂದು ಕೈ ಅಡ್ಡ ಹಿಡಿಯಿರಿ, ಬೀಜ ಕಣ್ಣಿಗೆ ಚಿಮ್ಮುತ್ತದೆ. ಒಡೆದದ್ದನ್ನು ತಕ್ಷಣ ನೀರಿಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಎಲ್ಲ ಮುಗಿದ ಮೇಲೆ ಎರಡೂ ಕೈಯಲ್ಲಿ ಹಿಚುಕಿ ಹಿಚುಕಿ ತೊಳೆಯಿರಿ. ಬೀಜ ತಳಕ್ಕೆ ಕೂರುತ್ತದೆ. ನೀರು ತಿಳಿಯಾಗುವ ತನಕ ಬದಲಿಸಿ. ನಮ್ಮತ್ತೆ ನಾನು ತೊಳೆದ ನೀರನ್ನು ಬಗ್ಗಿ ನೋಡಿ, ಒಂದು ಬೀಜ ಕಂಡರೂ "ಮತ್ತೆ ತೊಳಿ" ಅನ್ನುತ್ತಿದ್ದರು. ಆಗ ಅಳು ಬರುತ್ತಿತ್ತು. ಈಗ ನಾನೂ ಅದನ್ನೇ ಹೇಳುತ್ತೇನೆ.

ಇನ್ನು ಹುಳಿ ಮಜ್ಜಿಗೆ, ಕೈ ಬಿಚ್ಚಿ ಉಪ್ಪು. ರಾತ್ರಿ ನೆನೆಸುವುದು, ಹಗಲು ಒಣಗಿಸುವುದು, ಸಂಜೆ ಅದೇ ಮಜ್ಜಿಗೆಗೆ ವಾಪಸ್ಸು. ಮಜ್ಜಿಗೆ ಪೂರ್ತಿ ಹೀರುವ ತನಕ ಹೀಗೇ. ಶಿವರಾತ್ರಿ ಕಳೆದ ಮೇಲಿನ ಬಿಸಿಲು ಇದಕ್ಕೆ ಸರಿ. ಪ್ಲಾಸ್ಟಿಕ್ ಹಾಳೆ ಮೇಲೆ ಹರವಬೇಡಿ, ಅಡಿಯಲ್ಲಿ ಬೆವರುತ್ತದೆ. ಹಲಸಿನ ಹಪ್ಪಳದ ಮಾತು ಬೇರೆ, ಅದನ್ನು ಹಾಳೆಯಿಂದ ಎಬ್ಬಿಸಬಹುದು. ಇದಕ್ಕೆ ಹಳೇ ಹತ್ತಿ ಸೀರೆಯೇ ಆಗಬೇಕು. ಅಲ್ಲಾಡಿಸಿದರೆ ಗಲಗಲ ಅನ್ನುವಷ್ಟು ಒಣಗಲಿ. ಡಬ್ಬಿಯನ್ನೂ ಬಿಸಿಲಿಗೆ ಇಟ್ಟೇ ತುಂಬಿ, ನಮ್ಮ ಮಳೆಗಾಲದ ಥಂಡಿಗೆ ಬೂಸಲು ಬರುವುದು ಗೊತ್ತಲ್ವಾ?

ಹೊಟ್ಟೆ ಕೆಟ್ಟಾಗ, ಬಾಯಿ ರುಚಿ ಸತ್ತಾಗ ಒಣಗಿದ ಹತ್ತಾರು ಕಾಯಿ ತುಪ್ಪದಲ್ಲಿ ಹುರಿದು, ಜೀರಿಗೆ, ಕಾಳುಮೆಣಸು, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಕಲಸಿ ತಂಬುಳಿ ಮಾಡಿ. ಮಂದ ಉರಿಯಲ್ಲೇ ಹುರಿಯಿರಿ. ಸೀದರೆ ತೊಳೆದದ್ದೆಲ್ಲ ದಂಡ. ಉಪ್ಪು ಹಾಕುವ ಮುಂಚೆ ರುಚಿ ನೋಡಿ, ಬಾಳಕದಲ್ಲೇ ಸಾಕಷ್ಟು ಇರುತ್ತದೆ.