ಕೂಸಿನ ಜೊತೆ ಇಂಗ್ಲೆಂಡಿಗೆ: ಮೈಸೂರು, ಮಂಡ್ಯದಿಂದ ಹೊರಟವರಿಗೆ

‘ಕೆಲಸದ ವೀಸಾ ಬಂತು, ಮಗುವಿಗೆ ಇನ್ನೂ ಐದು ತಿಂಗಳು, ಏನೇನು ತಗೊಂಡು ಹೋಗಬೇಕು?’ ರಜೆಗೆ ಮೈಸೂರಿಗೆ ಬಂದಾಗಲೆಲ್ಲ ಯಾರಾದರೂ ಕೇಳುವ ಪ್ರಶ್ನೆ ಇದು. ಅವರಿಗೆ ಬೇಕಾಗಿರುವುದು ಸೂಟ್‌ಕೇಸಿನ ಪಟ್ಟಿ. ನಾನು ತಿರುಗಿ ಕೇಳುವುದು, ಈಗ ಮಗುವಿಗೆ ನೀರು ಹಾಕುತ್ತಿರುವವರು ಯಾರು ಅಂತ. ಮಂಡ್ಯದ ಮನೆಯಲ್ಲಿ ಅಜ್ಜಿ ಕಾಲು ನೀಡಿ ಕೂತು ನೀರು ಹಾಕುತ್ತಾರೆ, ಚಿಕ್ಕಮ್ಮ ಮೈ ಒರೆಸುತ್ತಾರೆ, ಸಾಂಬ್ರಾಣಿ ಹೊಗೆ ಹಿಡಿಯಲು ಮತ್ತೊಬ್ಬರು, ತೊಟ್ಟಿಲು ತೂಗಲು ಪಕ್ಕದ ಮನೆಯ ಹುಡುಗಿ. ಅಷ್ಟೂ ಜನರ ಕೆಲಸ ಇಂಗ್ಲೆಂಡಿನಲ್ಲಿ ನಿಮ್ಮಿಬ್ಬರ ಪಾಲಿಗೆ ಬರುತ್ತದೆ. ಒಬ್ಬರು ಆಫೀಸಿಗೆ ಹೊರಟ ಮೇಲೆ ಒಬ್ಬರಿಗೇ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಊರಲ್ಲಿರುವಾಗಲೇ ಮಾತಾಡಿಕೊಳ್ಳಿ. ನಿದ್ದೆಗೆಟ್ಟ ಮೊದಲ ವಾರದಲ್ಲಿ ಅದು ಮಾತಾಗಿ ಉಳಿಯುವುದಿಲ್ಲ, ಜಗಳವಾಗುತ್ತದೆ.

ಮೊದಲು ಕಾಗದಪತ್ರ. ನಾಮಕರಣಕ್ಕೆ ಮುಂಚೆಯೇ ಜನನ ಪತ್ರ ತೆಗೆದುಕೊಂಡವರ ಕೈಯಲ್ಲಿ ಮಗುವಿನ ಹೆಸರಿಲ್ಲದ ಪತ್ರ ಇರುತ್ತದೆ. ಹೆಸರು ಸೇರಿಸಿದ ಪ್ರತಿ ಬೇಕು. ಪಾಸ್‌ಪೋರ್ಟಿಗೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ದೇಶದಲ್ಲಿ ಮೊದಲು ಶುರುವಾದ ಊರುಗಳಲ್ಲಿ ಮೈಸೂರೂ ಒಂದು, 2017ರಲ್ಲಿ. ನಮ್ಮ ಕಡೆಯವರಿಗೆ ತೊಡಕಾಗುವುದು ಇನಿಷಿಯಲ್. ಅಪ್ಪನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಾತನ ಹೆಸರು ಬಿಡಿಸಿ ಬರೆದಿರುತ್ತದೆ, ಮಗುವಿನದರಲ್ಲಿ ಒಂಟಿ ಅಕ್ಷರ. ಸರ್‌ನೇಮ್ ಜಾಗದಲ್ಲಿ ಏನು ಬರಬೇಕು ಅನ್ನುವುದನ್ನು ಈಗಲೇ ನಿರ್ಧರಿಸಿ, ವೀಸಾ, ಟಿಕೆಟ್, ಜನನ ಪತ್ರ ಎಲ್ಲದರಲ್ಲೂ ಅದನ್ನೇ ಹಾಕಿಸಿ.

ತಾಯಿ ಕಾರ್ಡ್ ಕೈಚೀಲದಲ್ಲೇ ಇರಲಿ. ನಮ್ಮಲ್ಲಿ ಲಸಿಕೆ 6, 10, 14 ವಾರಕ್ಕೆ. ಇಂಗ್ಲೆಂಡಿನಲ್ಲಿ 8, 12, 16 ವಾರಕ್ಕೆ. ಹುಟ್ಟಿದಾಗ ನಮ್ಮಲ್ಲಿ ಎಲ್ಲ ಮಕ್ಕಳಿಗೂ ಹಾಕುವ ಬಿಸಿಜಿಯನ್ನು ಅಲ್ಲಿ ಎಲ್ಲರಿಗೂ ಹಾಕುವುದಿಲ್ಲ. ನಮ್ಮಲ್ಲಿ 9 ತಿಂಗಳಿಗೆ ಕೊಡುವ ದಡಾರದ ಲಸಿಕೆಯನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯದೆ, ಒಂದು ವರ್ಷವಾದ ಮೇಲೆ ಮತ್ತೆ ಕೊಡುತ್ತಾರೆ. ‘ಹಾಕಿಸಿಯಾಗಿದೆ’ ಅಂತ ವಾದ ಮಾಡಬೇಡಿ. ಮಂಡ್ಯ ಜಿಲ್ಲೆಯಲ್ಲಿ ಕೊಡುವ ಮಿದುಳು ಜ್ವರದ ಲಸಿಕೆ ಅಲ್ಲಿನ ಮಾಮೂಲಿ ಪಟ್ಟಿಯಲ್ಲೇ ಇಲ್ಲ. ಕಾರ್ಡಿನಲ್ಲಿ ಬರೆದದ್ದು ಕನ್ನಡದಲ್ಲಿದ್ದರೆ, ಹೊರಡುವ ಮುಂಚೆ ಮಕ್ಕಳ ಡಾಕ್ಟರ ಹತ್ತಿರ ಲಸಿಕೆಯ ಹೆಸರು, ತಾರೀಖು ಇಂಗ್ಲಿಷಿನಲ್ಲಿ ಬರೆಸಿ, ಸೀಲು ಹಾಕಿಸಿ.

ವಿಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಸಿನೆಟ್, ಅಂದರೆ ಕೂಸಿನ ಪುಟ್ಟ ತೊಟ್ಟಿಲು ಸಿಗುವ ಸೀಟನ್ನು ಮುಂಚೆಯೇ ಕೇಳಿ ಹಾಕಿಸಿಕೊಳ್ಳಿ. ಏರುವಾಗ ಇಳಿಯುವಾಗ ಹಾಲು ಕುಡಿಸಿ, ಕಿವಿ ನೋವು ಕಡಿಮೆಯಾಗುತ್ತದೆ. ತುಪ್ಪದ ಡಬ್ಬಿ ಬೇಡ: ಹಾಲಿನ ಪದಾರ್ಥ ತರಲು ಅಲ್ಲಿನ ನಿಯಮ ಬಿಡುವುದಿಲ್ಲ. ಮಗುವಿನ ಪುಡಿ ಹಾಲಿಗೆ ಮಿತಿಯೊಳಗೆ ವಿನಾಯಿತಿ ಇದೆ.

ಅಲ್ಲಿಗೆ ಹೋದ ಮೊದಲ ವಾರದಲ್ಲೇ ಹತ್ತಿರದ ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ ಮಗುವಿನ ಹೆಸರು ನೋಂದಾಯಿಸಿ. ದುಡ್ಡು ಕೊಡಬೇಕಾಗಿಲ್ಲ, ವಿಳಾಸದ ಪುರಾವೆ ಇಲ್ಲದಿದ್ದರೂ ನೋಂದಾಯಿಸಬಹುದು. ವೀಸಾದ ಜೊತೆ ಮಗುವಿನ ಪಾಲಿಗೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತೀರಿ, ಸಂಕೋಚ ಯಾಕೆ? ಆಮೇಲೆ ಹೆಲ್ತ್ ವಿಸಿಟರ್ ಸಿಗುತ್ತಾರೆ. ಮಗುವಿನ ತೂಕ, ಬೆಳವಣಿಗೆ ನೋಡಿ ಕೆಂಪು ಪುಸ್ತಕದಲ್ಲಿ ಬರೆಯುವವರು. ನಮ್ಮವರು ಇವರನ್ನು ಇನ್ಸ್‌ಪೆಕ್ಟರ್ ಅಂತ ತಿಳಿದು ಮನೆಯೆಲ್ಲ ಒರೆಸಿ, ಎಲ್ಲ ಚೆನ್ನಾಗಿದೆ ಅಂದು ಕಳಿಸಿಬಿಡುತ್ತಾರೆ. ಊರಲ್ಲಿ ಅಜ್ಜಿಗೆ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಇವರಿಗೆ ಕೇಳಿ. ತುರ್ತಲ್ಲದ ಆತಂಕಕ್ಕೆ 111, ಪ್ರಾಣಕ್ಕೆ ಕುತ್ತು ಅನ್ನಿಸಿದರೆ 999ಕ್ಕೆ ಫೋನ್ ಮಾಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗುವ ತನಕ ಕಾಯಬೇಡಿ.

ಇನ್ನು ಸ್ನಾನ. ಹಂಡೆ ನೀರು, ಬಚ್ಚಲು, ಮಣೆ ಯಾವುದೂ ಇರುವುದಿಲ್ಲ. ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹುಯ್ಯುವ ಕೈಚಳಕ ಅಜ್ಜಿಯರದ್ದು. ಜಾರುವ ಟಬ್ಬಿನಲ್ಲಿ ಒಬ್ಬರೇ ಅದನ್ನು ಮಾಡಲು ಹೋಗಬೇಡಿ. ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಸ್ವಲ್ಪ ನೀರು ಸಾಕು. ದಿನಾ ನೀರು ಹಾಕಲೇಬೇಕು ಅಂತಲೂ ಇಲ್ಲ. ಚಳಿಗಾಲದಲ್ಲಿ ವಾರಕ್ಕೆ ಎರಡು ಮೂರು ಸಲ ಹಾಕಿ, ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೂಸೇನೂ ಕೊಳಕಾಗುವುದಿಲ್ಲ. ಈ ಮಾತನ್ನು ಮಾತ್ರ ಊರಿಗೆ ಫೋನಿನಲ್ಲಿ ಹೇಳಬೇಡಿ. ಎಣ್ಣೆ ತಿಕ್ಕುವುದನ್ನು ಬಿಡಬೇಡಿ: ಹೀಟರ್ ಹಾಕಿದ ಕೋಣೆಯಲ್ಲಿ, ಟವೆಲ್ ಮೇಲೆ, ಸಂಜೆ ಹೊತ್ತು. ಆಫೀಸಿನಿಂದ ಬಂದ ಅಪ್ಪನಿಗೆ ಈ ಕೆಲಸ ವಹಿಸಿಬಿಡಿ.

ಸಾಂಬ್ರಾಣಿ ಹಾಕಿದ ದಿನ ಮನೆಯ ಹೊಗೆ ಅಲಾರಂ ಇಡೀ ಕಟ್ಟಡಕ್ಕೆ ಕೇಳುವಂತೆ ಕಿರುಚುತ್ತದೆ. ಅಲಾರಂ ಬಿಚ್ಚಿಡುವ ಜಾಣರಿದ್ದಾರೆ, ಅದು ಬೇಡ. ಕಿಟಕಿ ಮುಚ್ಚಿದ ಮನೆಯಲ್ಲಿ ಆ ಹೊಗೆ ಎಳೆಗೂಸಿನ ಎದೆಗೂ ಒಳ್ಳೆಯದಲ್ಲ. ಕಣ್ಣಿಗೆ ಕಾಡಿಗೆ ಹಚ್ಚಬೇಡಿ, ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ದೃಷ್ಟಿಬೊಟ್ಟು ಇಡಲೇಬೇಕು ಅಂದರೆ ಅಂಗಾಲಿಗೆ, ಕಾಲುಚೀಲದ ಒಳಗೆ ಇರಲಿ. ಬಜೆ, ಜಾಯಿಕಾಯಿ ತೇದು ಜೇನಿನಲ್ಲಿ ನೆಕ್ಕಿಸುವುದನ್ನು ಊರಲ್ಲೇ ಬಿಟ್ಟು ಹೊರಡಿ. ಜೇನಿನಲ್ಲಿ ಇರಬಹುದಾದ ಬಾಟುಲಿಸಂ ರೋಗಾಣು ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ವಿಷ ಉಂಟುಮಾಡಬಲ್ಲದು. ಹೊಂಗೆ ಮರದ ಕೆಳಗೆ ಕೂತ ಅಜ್ಜಿಯೇ ಹೇಳಿದರೂ ಈ ವಿಷಯದಲ್ಲಿ ಇಲ್ಲ ಅನ್ನಿ.

ಮಲಗಿಸುವುದರಲ್ಲಿ ಅಲ್ಲಿನವರ ನಿಯಮ ಖಡಕ್ಕು. ಅಂಗಾತ ಮಲಗಿಸಬೇಕು, ಗಟ್ಟಿ ಹಾಸಿಗೆ, ದಿಂಬು, ದುಪ್ಪಟಿ, ಆಟಿಕೆ ಏನೂ ಇಲ್ಲದ ಮಂಚ, ಮೊದಲ ಆರು ತಿಂಗಳು ನಿಮ್ಮ ಕೋಣೆಯಲ್ಲೇ. ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸಾಕು ಅನ್ನುತ್ತಾರೆ; ಮೈಸೂರಿನಿಂದ ಹೋದವರಿಗೆ ಅದು ನಡುಕ. ನಮ್ಮವರ ಚಾಳಿ ಕುಲಾವಿ, ಸ್ವೆಟರ್, ಎರಡು ಕಂಬಳಿ ಸುತ್ತಿ ಮಲಗಿಸುವುದು. ಮೈ ಮಿತಿಮೀರಿ ಬಿಸಿಯಾಗುವುದು ಮಲಗಿದ್ದ ಕೂಸು ಇದ್ದಕ್ಕಿದ್ದಂತೆ ತೀರಿಕೊಳ್ಳುವ ಅಪಾಯವನ್ನು ಹೆಚ್ಚಿಸುತ್ತದೆ. ಮನೆಯೊಳಗೆ ತಲೆ ಬಿಟ್ಟಿರಲಿ, ಹೊದಿಕೆಯ ಬದಲು ಕೂಸುಗಳಿಗೆಂದೇ ಇರುವ ಸ್ಲೀಪಿಂಗ್ ಬ್ಯಾಗ್ ಕೊಳ್ಳಿ. ಸೀರೆಯ ಜೋಲಿ ಕಟ್ಟಲು ಬಾಡಿಗೆ ಮನೆಯ ಚಾವಣಿಯಲ್ಲಿ ಕೊಂಡಿಯೂ ಇರುವುದಿಲ್ಲ, ಆ ಚರ್ಚೆಯೇ ಇಲ್ಲ. ಮೊದಲ ದಿನಗಳಲ್ಲಿ ಚಳಿಗಾಲದ ರಾತ್ರಿ ಒಂದಕ್ಕೇ ಮಗು ನಗುತ್ತಾ ಎದ್ದು ಕೂರುತ್ತದೆ, ಅದರ ಲೆಕ್ಕದಲ್ಲಿ ಅದು ಮೈಸೂರಿನ ಬೆಳಗಿನ ಆರೂವರೆ. ದೀಪ ಹಾಕದೆ ಹಾಲು ಕೊಡಿ. ಬೆಳಗಾದ ಮೇಲೆ ಹೊರಗಿನ ಬೆಳಕಿಗೆ ಕರೆದುಕೊಂಡು ಹೋಗಿ.

ಆರು ತಿಂಗಳ ಹೊತ್ತಿಗೆ ರಾಗಿ ಸರಿ ಶುರುಮಾಡಿ, ಅದನ್ನು ಯಾರೂ ಬೇಡ ಅನ್ನುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ. ಮಂಡ್ಯದಿಂದ ಹಿಟ್ಟು ಮಾಡಿಸಿಕೊಂಡು ಹೋದದ್ದು ಮುಗಿದ ಮೇಲೆ ಏನು ಅನ್ನುವುದೇ ಪ್ರಶ್ನೆ. ಅಲ್ಲಿನ ಭಾರತೀಯ ಅಂಗಡಿಯಲ್ಲಿ ಇಡೀ ರಾಗಿ ಸಿಗುತ್ತದೆ, ಆದರೆ ಜನವರಿಯಲ್ಲಿ ಅಡುಗೆಮನೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬರುವುದಿಲ್ಲ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಓವನ್ ಬಿಸಿ ಮಾಡದೆ ಒಳಗಿನ ದೀಪವೊಂದನ್ನೇ ಹಾಕಿ ಅದರೊಳಗಿಡಿ. ಮೊಳಕೆ ಬಂದದ್ದನ್ನು ಕೋಣೆ ಬಿಸಿ ಮಾಡುವ ರೇಡಿಯೇಟರ್ ಹತ್ತಿರ ಒಣಗಿಸಿ, ಹುರಿದು, ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಸೋಸಿ. ಬರೀ ರಾಗಿಯಲ್ಲಿ ದಿನ ದೂಡಬೇಡಿ, ಕಬ್ಬಿಣದಂಶಕ್ಕೆ ಬೇಳೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಮಾಂಸ ಬೇಕು. ಉಪ್ಪು, ಸಕ್ಕರೆ, ಬೆಲ್ಲ ಹಾಕಬೇಡಿ. ಹಸುವಿನ ಹಾಲನ್ನು ಕುಡಿಯಲು ಕೊಡುವುದು ವರ್ಷ ತುಂಬಿದ ಮೇಲೆ. ಎದೆಹಾಲು ಕುಡಿಯುವ ಕೂಸಿಗೆ ದಿನಾ 8.5ರಿಂದ 10 ಮೈಕ್ರೋಗ್ರಾಂ ವಿಟಮಿನ್ ಡಿ ಹನಿ ಹಾಕಬೇಕು. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಬೆಳಗಿನ ಎಳೆ ಬಿಸಿಲಿಗೆ ಹಿಡಿಯುತ್ತೇವೆ ಅಂದರೆ ಬಿಸಿಲೆಲ್ಲಿ?

ಆದರೂ ದಿನಕ್ಕೊಮ್ಮೆ ಹೊರಗೆ ಹೋಗಿ. ಮಳೆ ಬಂದರೆ ಪ್ರಾಮಿಗೆ, ಅಂದರೆ ಕೂಸಿನ ತಳ್ಳುಗಾಡಿಗೆ ಪ್ಲಾಸ್ಟಿಕ್ ಹೊದಿಕೆ ಇದೆ. ಬಡಾವಣೆಯ ಲೈಬ್ರರಿಗಳಲ್ಲಿ ಕೂಸುಗಳಿಗೆ ಹಾಡು ಹೇಳಿಸುವ ಗಂಟೆ ಇರುತ್ತದೆ, ಸಾಮಾನ್ಯವಾಗಿ ಉಚಿತ. ಅಲ್ಲಿ ಸಿಗುವ ತಾಯಂದಿರ ಪರಿಚಯ ಹಾಡಿಗಿಂತ ಹೆಚ್ಚಿನದು. ಲಂಡನ್ನಿನಲ್ಲಿದ್ದರೆ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ತನಕ ಪ್ರಾಮ್ ತಳ್ಳಿಕೊಂಡು ಹೋಗಬಹುದು, ಅಜ್ಜನಿಗೆ ಕಳಿಸಲು ಫೋಟೋ ಆಯಿತು. ಕಾರಿನಲ್ಲಿ ಮಗುವಿನ ಸೀಟು ಕಾನೂನು. ಟ್ಯಾಕ್ಸಿಗೆ ವಿನಾಯಿತಿ ಇದ್ದರೂ ತೊಡೆಯ ಮೇಲೆ ಕೂರಿಸಿಕೊಂಡು ಹೋಗುವ ನಮ್ಮ ಅಭ್ಯಾಸವನ್ನು ಏರ್‌ಪೋರ್ಟಿನಲ್ಲೇ ಬಿಡಿ.

ಮನೆಯಲ್ಲಿ ಕನ್ನಡವನ್ನೇ ಆಡಿ. ಎರಡು ಭಾಷೆ ಕೇಳಿದರೆ ಮಾತು ತಡವಾಗುತ್ತದೆ ಅನ್ನುವ ಹೆದರಿಕೆಗೆ ಆಧಾರವಿಲ್ಲ. ನಿಜವಾಗಿಯೂ ಅನುಮಾನ ಬಂದರೆ ಹೆಲ್ತ್ ವಿಸಿಟರಿಗೆ ಹೇಳಿ ಕಿವಿ ಪರೀಕ್ಷೆ ಮಾಡಿಸಿ. ರಜೆಗೆ ಬಂದಾಗ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಮಾತಾಡಿಸಿ ನೋಡುವವರಿದ್ದಾರೆ. ಅಜ್ಜಿ ತಾತನಿಗೆ ವಿಡಿಯೋ ಕರೆ ಮಾಡುವ ಹೊತ್ತು ನಿಮ್ಮ ಬೆಳಗು. ಅಲ್ಲಿ ಎಂಟಾದಾಗ ಇಲ್ಲಿ ಚಳಿಗಾಲದಲ್ಲಿ ಒಂದೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಸಂಜೆ ಸ್ನಾನ ತೋರಿಸಲು ಹೋದರೆ ಇಲ್ಲಿ ಅವರು ನಡುರಾತ್ರಿಯ ತನಕ ಎದ್ದಿರಬೇಕಾಗುತ್ತದೆ, ಎದ್ದೂ ಇರುತ್ತಾರೆ ಪಾಪ.

ತಾಯಂದಿರಿಗೊಂದು ಮಾತು. ಇಡೀ ದಿನ ದೊಡ್ಡವರೊಬ್ಬರ ದನಿಯೂ ಕೇಳದೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ, ಅದನ್ನು ಊರಿನ ನೆನಪು ಅಂತ ತಳ್ಳಿಹಾಕಬೇಡಿ. ಜಿಪಿಗೆ ಹೇಳಿ. ಅದಕ್ಕೆ ಚಿಕಿತ್ಸೆ ಇದೆ, ಹೇಳಿದ್ದಕ್ಕೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಅನ್ನುವುದು ನಮ್ಮವರ ನಡುವೆ ಓಡಾಡುವ ಸುಳ್ಳು ಹೆದರಿಕೆ.

ಅಲ್ಲೇ ಹೆರಿಗೆಯಾಗುವವರಿಗೆ: ಇಂಗ್ಲೆಂಡಿನಲ್ಲಿ ಜನನವನ್ನು 42 ದಿನದೊಳಗೆ ನೋಂದಾಯಿಸಬೇಕು. ತಂದೆತಾಯಿ ಇಬ್ಬರೂ ಕೆಲಸದ ವೀಸಾದಲ್ಲಿದ್ದರೆ ಮಗು ಬ್ರಿಟಿಷ್ ಪ್ರಜೆಯಾಗುವುದಿಲ್ಲ. ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಣಿ ಮಾಡಿಸಿ.

ಅಜ್ಜಿ ತಾತನನ್ನು ಕರೆಸಿಕೊಳ್ಳುವುದಾದರೆ ಸಂದರ್ಶಕರ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳ ತನಕ ಇರಬಹುದು. ಎರಡೂ ಕಡೆಯವರನ್ನು ಒಟ್ಟಿಗೆ ಕರೆಸಬೇಡಿ, ಎರಡು ಬೆಡ್‌ರೂಮಿನ ಮನೆಯಲ್ಲಿ ಬೀಗರು ಬೀಗರಾಗಿ ಉಳಿಯುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದರೆ ಮಗುವಿನ ಮೊದಲ ವರ್ಷದ ಬಹುಭಾಗ ಕಳೆಯುತ್ತದೆ. ಏಪ್ರಿಲ್‌ನಲ್ಲಿ ಬರಲಿ, ನವೆಂಬರಿನಲ್ಲಿ ಬಂದವರು ಕಿಟಕಿಯಿಂದಾಚೆ ನೋಡುತ್ತಾ ಕೂರುತ್ತಾರೆ. ಸಂದರ್ಶಕರಿಗೆ ಆಸ್ಪತ್ರೆಯ ಬಿಲ್ಲು ಪೂರ್ತಿ ಬೀಳುತ್ತದೆ, ಅಲ್ಲಿನ ದರದ ಒಂದೂವರೆ ಪಟ್ಟು. ಬಿಪಿ, ಶುಗರ್ ಇರುವುದನ್ನು ಮುಚ್ಚಿಡದೆ ಬರೆಸಿದ ವಿಮೆ, ಪೂರಾ ಅವಧಿಗೆ ಸಾಲುವ ಮಾತ್ರೆ, ಮಾತ್ರೆಯ ಚೀಟಿ ಮೂರೂ ಸಿದ್ಧವಾದ ಮೇಲೆ ಟಿಕೆಟ್ ತೆಗೆಯಿರಿ.